ನಡೆಸಿಕೊಂಡು ಬಂದದ್ದು

ಹಂಪಿಗೆ ಬಂದವರು ವಿರೂಪಾಕ್ಷನಿಗೆ ಕೈಮುಗಿದು, ವಿಠ್ಠಲನ ಗುಡಿಯ ಕಲ್ಲಿನ ತೇರಿನ ಮುಂದೆ ಫೋಟೊ ತೆಗೆಸಿಕೊಂಡು, ಕಮಲ ಮಹಲು, ಆನೆಲಾಯ ಸುತ್ತಿ, ಸಂಜೆ ಹೇಮಕೂಟ ಹತ್ತಿ ಇಳಿದರೆ ಯಾತ್ರೆ ಮುಗಿಯಿತು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯ ಜೊತೆಗೆ ಇನ್ನೂ ಐದು ತಾಲ್ಲೂಕುಗಳಿವೆ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಪ್ರವಾಸಿಗೆ ಇವು ಬಸ್ಸಿನ ಕಿಟಕಿಯಾಚೆ ಸರಿದುಹೋಗುವ ಹೊಲಗಳು, ಅಷ್ಟೇ. ಆದರೆ ಈ ಸೀಮೆಯವರ ಬಾಯಲ್ಲಿ ಒಂದು ಹಳೆಯ ಮಾತಿದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಹಂಪಿಯ ಹಿರಿಮೆ ಅದರ ಹರವಿನಲ್ಲಿದೆ, ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಹಿರಿಮೆ ಒಳಗಿನ ಕಂಬ ಮತ್ತು ಛತ್ತುಗಳ ಕೆತ್ತನೆಯಲ್ಲಿದೆ ಎಂಬುದು ಅದರ ರೂಢಿಯ ಅರ್ಥ. ಶಿಲ್ಪದ ಬಗೆಗಿನ ಈ ಸಲಹೆಯ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ. ಗುಡಿಯೊಂದನ್ನು ನೋಡಿದೆವು ಎಂದಾಗ ನಾವು ನೋಡಿದ್ದೇನು? ಕಲ್ಲನ್ನೋ, ಕಲ್ಲಿನೊಳಗಿದೆ ಎಂದು ಭಕ್ತರು ನಂಬುವ ದೇವರನ್ನೋ, ಇವೆರಡೂ ಅಲ್ಲದ ಇನ್ನೊಂದನ್ನೋ? ಮೂರನೆಯದೇ ಮುಖ್ಯ ಎಂಬುದು ನನ್ನ ವಾದ. ಗುಡಿ ಎಂದರೆ ಒಬ್ಬರಿಂದೊಬ್ಬರಿಗೆ ದಾಟುತ್ತ ಬಂದ ಹೊಣೆಗಳ ಕಟ್ಟು. ಕಲ್ಲು ಅದರ ಮೈ, ದೇವರು ಅದರ ಹೆಸರು. ಆ ಹೊಣೆಯನ್ನು ಯಾರೋ ಹೊರುತ್ತಿರುವವರೆಗೆ ಗುಡಿ ಇದೆ; ಹೊರುವವರಿಲ್ಲದ ದಿನ, ಗೋಪುರ ಎಷ್ಟೇ ನೆಟ್ಟಗೆ ನಿಂತಿದ್ದರೂ, ಉಳಿಯುವುದು ಕಟ್ಟಡ.

ಗುಡಿಯನ್ನು ಸ್ಮಾರಕವಾಗಿ ನೋಡುವ ಕಣ್ಣಿಗೂ ಒಂದು ಚರಿತ್ರೆಯಿದೆ, ಅದು ಬಹಳ ಹಳೆಯದೇನಲ್ಲ. 1799ರಲ್ಲಿ ಕಾಲಿನ್ ಮೆಕೆಂಜಿ ಹಂಪಿಯ ನಕ್ಷೆ ಮಾಡಿಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅಲ್ಲಿನ ಹಾಳುಗಳ ಛಾಯಾಚಿತ್ರ ತೆಗೆದ. 1896ರಲ್ಲಿ ಅಲೆಕ್ಸಾಂಡರ್ ರೀ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳ ಅಳತೆ ಹಿಡಿದು, ಬಾಗಿಲವಾಡ, ಕಂಬ, ಛತ್ತುಗಳನ್ನು ರೇಖಾಚಿತ್ರಗಳಲ್ಲಿ ಬಿಡಿಸಿ ಪುಸ್ತಕ ಮಾಡಿದ. 1900ರಲ್ಲಿ ರಾಬರ್ಟ್ ಸೆವೆಲ್‌ನ ‘ಮರೆತುಹೋದ ಸಾಮ್ರಾಜ್ಯ’ ಬಂತು. 1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಕಣ್ಣಿನ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ರೀ ಬರೆದಿಡದಿದ್ದರೆ ಮಾಗಳ, ಬಾಗಳಿ, ಕುರುವತ್ತಿಗಳ ಕೆಲಸದ ನಯ ಹೊರಜಗತ್ತಿಗೆ ಗೊತ್ತಾಗಲು ಇನ್ನೆಷ್ಟು ಕಾಲ ಬೇಕಿತ್ತೋ. ಆದರೆ ಈ ಕಣ್ಣು ಕೇಳುವ ಪ್ರಶ್ನೆಗಳು ಮೂರೇ: ಯಾವ ವರ್ಷ, ಯಾವ ರಾಜವಂಶ, ಯಾವ ಶೈಲಿ. ಉತ್ತರ ಸಿಗಬೇಕಾದರೆ ಗುಡಿ ಎಂದೋ ಒಂದು ದಿನ ಕಟ್ಟಿ ಮುಗಿದಿರಬೇಕು. ಆಮೇಲೆ ನಡೆದದ್ದೆಲ್ಲ ಸವಕಳಿ ಅಥವಾ ಸೇರ್ಪಡೆ ಎನಿಸಿಕೊಳ್ಳುತ್ತದೆ. ತುಂಗಭದ್ರೆಯ ದಡದ ಕುರುವತ್ತಿಯನ್ನೇ ನೋಡಿ. ಕಲೆಯ ಪುಸ್ತಕಗಳಲ್ಲಿ ಅದು ಮಲ್ಲಿಕಾರ್ಜುನ ಗುಡಿಯ ಮದನಿಕೆಯರ ಊರು. ಚರಿತ್ರೆಯ ಪುಸ್ತಕಗಳಲ್ಲಿ, ವಾಸಿಯಾಗದ ಕಾಯಿಲೆಯಿಂದ ನೊಂದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ 1068ರಲ್ಲಿ ನದಿಗಿಳಿದು ಪ್ರಾಣ ಬಿಟ್ಟ ಜಾಗ. ಸುತ್ತಲ ರೈತರಿಗೆ ಅದು ಶಿವರಾತ್ರಿಯ ಸುಮಾರಿಗೆ ಎತ್ತುಗಳನ್ನು ಹೊಡೆದುಕೊಂಡು ಹೋಗುವ ಬಸವಣ್ಣನ ಜಾತ್ರೆ. ಮೊದಲಿನ ಎರಡಕ್ಕೆ ತಾರೀಖು ಉಂಟು. ಮೂರನೆಯದಕ್ಕೆ ಇರುವುದು ಮುಂದಿನ ವರ್ಷ ಮಾತ್ರ. ಈ ಮೂರನೆಯದನ್ನು ಹಿನ್ನೆಲೆಯ ಗದ್ದಲವೆಂದು ಬದಿಗಿಟ್ಟ ದಿನವೇ ಸ್ಮಾರಕದ ಕಣ್ಣು ಅರ್ಧ ಗುಡಿಯನ್ನು ಬಿಟ್ಟುಕೊಟ್ಟಿತು.

ಗುಡಿ ಕಟ್ಟಿಸಿದವರು ತಾವು ಮಾಡಿದ್ದೇನು ಎಂದುಕೊಂಡಿದ್ದರು? ಇದಕ್ಕೆ ಊಹೆ ಬೇಕಿಲ್ಲ, ಅವರೇ ಕಲ್ಲಿನ ಮೇಲೆ ಬರೆಸಿ ಹೋಗಿದ್ದಾರೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಗೆ 987ರ ಶಾಸನವಿದೆ, ಕಟ್ಟಿಸಿದವನ ಹೆಸರು ದುಗ್ಗಿಮಯ್ಯ. ಹಿರೇಹಡಗಲಿಯ ಗುಡಿ 1057ರಲ್ಲಿ ಸೋಮೇಶ್ವರನ ಮಂತ್ರಿ ದೇಮರಸ ಮಾಡಿಸಿದ್ದು. ಹೂವಿನಹಡಗಲಿಯದು ಆರನೆಯ ವಿಕ್ರಮಾದಿತ್ಯನ ಮಂತ್ರಿ ರವಿದೇವನ ಹೆಂಡತಿ ರೆಬ್ಬಲದೇವಿ ಕಟ್ಟಿಸಿದ್ದು. ಈ ಕಾಲದ ದಾನಶಾಸನಗಳನ್ನು ಓದುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗುಡಿಯ ಚೆಲುವಿನ ಹೊಗಳಿಕೆ ಇದ್ದರೂ ಒಂದೆರಡು ಪದ್ಯಕ್ಕೆ ಮುಗಿಯುತ್ತದೆ. ಆಮೇಲೆ ಬರುವುದು ಪಟ್ಟಿ. ದೇವರ ಅಂಗಭೋಗ ರಂಗಭೋಗಕ್ಕೆ ಇಷ್ಟು, ನಂದಾದೀಪಕ್ಕೆ ಇಷ್ಟು, ತಪೋಧನರ ಊಟಕ್ಕೆ ಇಷ್ಟು, ಓದುವ ಮಕ್ಕಳಿಗೆ ವಿದ್ಯಾದಾನಕ್ಕೆ ಇಷ್ಟು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದದ್ದು ಬಿರಿದದ್ದರ ದುರಸ್ತಿಗೆ, ಇಷ್ಟು. ಭೂಮಿಯ ಎಲ್ಲೆ, ಅಳತೆಯ ಕೋಲು, ಗಾಣದ ಎಣ್ಣೆ, ಸಂತೆಯ ಸುಂಕ. ಕೊನೆಗೆ, ಇದನ್ನು ಪಾಲಿಸಿದವರಿಗೆ ಪುಣ್ಯ, ಕೆಡಿಸಿದವರಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ. ಕೊಡುವುದಕ್ಕಿಂತ ಕೊಟ್ಟದ್ದನ್ನು ಉಳಿಸಿಕೊಂಡು ಹೋಗುವುದೇ ಹೆಚ್ಚಿನದೆಂಬ ಅರ್ಥದ ಸಂಸ್ಕೃತ ಶ್ಲೋಕ ನಾಡಿನುದ್ದಕ್ಕೂ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದಾನ ಕೊಟ್ಟವನೇ, ತಾನು ಬರೆಸಿದ ಕಲ್ಲಿನ ಮೇಲೆಯೇ, ತನಗಿಂತ ತನ್ನ ನಂತರ ಬರುವವನು ದೊಡ್ಡವನೆಂದು ಒಪ್ಪಿಕೊಂಡಂತಾಯಿತು. ಇದು ಬರೀ ವಿನಯವಲ್ಲ. ಕಟ್ಟುವುದು ಒಂದು ಸಲದ ಕೆಲಸ, ನಡೆಸುವುದು ದಿನದಿನದ ಕೆಲಸ ಎಂಬ ಲೆಕ್ಕ ಅದರ ಹಿಂದಿದೆ. ಈ ಲೆಕ್ಕ ಚಾಲುಕ್ಯರಿಗಿಂತಲೂ ಎಷ್ಟೋ ಹಿಂದಿನದು. ಹಿರೇಹಡಗಲಿಯಲ್ಲೇ ಸಿಕ್ಕ, ಪಲ್ಲವ ದೊರೆ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಹೊಸ ದಾನವನ್ನಲ್ಲ, ಹಿಂದೆ ತಂದೆ ಕೊಟ್ಟದ್ದನ್ನು ಮಗ ಗಟ್ಟಿಮಾಡಿ ಹೆಚ್ಚಿಸಿದ ಸಂಗತಿಯನ್ನು ದಾಖಲಿಸುತ್ತವೆ. ಈ ಸೀಮೆಯ ತೀರ ಹಳೆಯ ದಾಖಲೆಗಳಲ್ಲೊಂದು ಹುಟ್ಟಿದ್ದೇ ನಡೆಸಿಕೊಂಡು ಹೋಗುವ ಮಾತಾಗಿ.

ಇವತ್ತಿನ ಆಚರಣೆಗಳೂ ಇದಕ್ಕೇ ಸಾಕ್ಷಿ. ಉಜ್ಜಿನಿಯಲ್ಲಿ ವೈಶಾಖದ ಜಾತ್ರೆಯಲ್ಲಿ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ, ಶಿಖರ ತೈಲಾಭಿಷೇಕ ಎನ್ನುತ್ತಾರೆ. ಮೊದಲ ಎಣ್ಣೆ ಜರಿಮಲೆಯ ಪಾಳೆಯಗಾರರ ಮನೆತನದಿಂದ ಬರಬೇಕು, ಭಕ್ತರು ಹೊತ್ತು ತಂದದ್ದು ಆಮೇಲೆ. 1800ರಲ್ಲಿ ಈ ಪ್ರಾಂತ್ಯ ಕಂಪನಿಯ ಕೈಗೆ ಬಂದು ಥಾಮಸ್ ಮನ್ರೋ ಕಲೆಕ್ಟರನಾದ ಮೇಲೆ ಇಲ್ಲಿನ ಪಾಳೆಯಗಾರರ ದರ್ಬಾರು ಮುಗಿಯಿತು. ಕೋಟೆ ಹೋಯಿತು, ಕಂದಾಯ ಹೋಯಿತು, ಕುದುರೆ ಕಾಲಾಳು ಹೋದರು. ಎಣ್ಣೆ ಮಾತ್ರ ಇನ್ನೂ ಬರುತ್ತಿದೆ. ಅಧಿಕಾರ ಕಳೆದುಕೊಂಡ ಮನೆತನವೊಂದು ಅಧಿಕಾರದ ಜೊತೆಗಿದ್ದ ಹೊಣೆಯನ್ನು ಮಾತ್ರ ಉಳಿಸಿಕೊಂಡಿದೆ ಎಂಬುದನ್ನು ಗುಡಿಯ ಹೊರಗೆ ಬೇರೆಲ್ಲಿ ತಾನೇ ನೋಡಲು ಸಿಗುತ್ತದೆ? ಕೊಟ್ಟೂರಿನದು ಇನ್ನೊಂದು ಬಗೆ. 2017ರ ಫೆಬ್ರುವರಿಯಲ್ಲಿ ಗುರು ಕೊಟ್ಟೂರೇಶ್ವರನ ತೇರು ಎಳೆಯುವಾಗಲೇ ಉರುಳಿಬಿತ್ತು, ಜನ ಗಾಯಗೊಂಡರು. ಹೊಸ ತೇರು ಮಾಡಿಸಿದರು. ಈಗ ಮಾಘದಲ್ಲಿ ಮೂಲಾ ನಕ್ಷತ್ರ ಕೂಡಿದಾಗ ಅದನ್ನೇ ಎಳೆಯುತ್ತಾರೆ. ದಾವಣಗೆರೆ, ಹರಿಹರದ ಕಡೆಯಿಂದ ಪಾದಯಾತ್ರೆಯಲ್ಲಿ ಬರುವವರಿಗೆ ಅದು ಕೊಟ್ಟೂರ ತೇರೇ. ವಸ್ತುಸಂಗ್ರಹಾಲಯದ ಲೆಕ್ಕದಲ್ಲಿ ಮರ ಹೊಸದಾದರೆ ತೇರೂ ಹೊಸದು. ಭಕ್ತರ ಲೆಕ್ಕದಲ್ಲಿ ತೇರು ಅದೇ, ಮರ ಮಾತ್ರ ಬೇರೆ. ಜಪಾನಿನ ಈಸೆ ದೇವಾಲಯವನ್ನು 20 ವರ್ಷಕ್ಕೊಮ್ಮೆ ಹೊಸ ಮರದಲ್ಲಿ ಪೂರ್ತಿಯಾಗಿ ಕಟ್ಟುತ್ತಾರೆ, ಕೊನೆಯ ಸಲ ಕಟ್ಟಿದ್ದು 2013ರಲ್ಲಿ. ಅಲ್ಲಿ ಯಾರೂ ಅದನ್ನು ನಕಲು ಎನ್ನುವುದಿಲ್ಲ. 1994ರಲ್ಲಿ ಪರಂಪರೆಯ ತಜ್ಞರು ಅದೇ ದೇಶದ ನಾರಾ ನಗರದಲ್ಲಿ ಸೇರಿ, ಅಸಲಿತನವನ್ನು ಆಯಾ ಸಂಸ್ಕೃತಿಯ ಕಣ್ಣಿನಿಂದಲೇ ಅಳೆಯಬೇಕೆಂದು ಒಪ್ಪಿದರು. ಕೊಟ್ಟೂರಿನವರಿಗೆ ಆ ಒಪ್ಪಂದದ ಅಗತ್ಯವೇನೂ ಇರಲಿಲ್ಲ.

ಕಲ್ಲನ್ನೇ ಬಿಟ್ಟುಬಂದ ಉದಾಹರಣೆಯೂ ಹತ್ತಿರದಲ್ಲೇ ಇದೆ. ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಾಗ ಹಗರಿಬೊಮ್ಮನಹಳ್ಳಿ, ಹಡಗಲಿ, ಹೊಸಪೇಟೆ ಸೀಮೆಯ ಎಷ್ಟೋ ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಅವರ ಲಕ್ಷ್ಮೀನಾರಾಯಣನೂ ಆಂಜನೇಯನೂ ಜೊತೆಗೆ ಬಂದರು. ಅಲ್ಲಿ ಈಗ ಜೋಡಿ ತೇರು ಎಳೆಯುತ್ತಾರೆ. ಮುಳುಗಿದ್ದು ಊರಿನ ಕಟ್ಟಡ, ದಾಟಿ ಬಂದದ್ದು ಊರಿನ ನೇಮ.

ಇದನ್ನು ತತ್ತ್ವದ ಮಾತಿನಲ್ಲಿ ಹೇಳುವುದಾದರೆ ಮೀಮಾಂಸಕರ ಕಡೆ ಹೊರಳಬೇಕು. ಜೈಮಿನಿಯ ಸೂತ್ರಗಳಿಗೆ ಭಾಷ್ಯ ಬರೆದ ಶಬರಸ್ವಾಮಿ ದೇವತೆಯ ವಿಷಯದಲ್ಲಿ ಬೆರಗಾಗುವಷ್ಟು ನಿಷ್ಠುರ. ದೇವತೆಗೆ ಮೈಯಿಲ್ಲ, ದೇವತೆ ಉಣ್ಣುವುದಿಲ್ಲ, ಒಲಿದು ಫಲ ಕೊಡುವುದಿಲ್ಲ. ಕರ್ಮವೇ ಪ್ರಧಾನ, ದೇವತೆ ಅದಕ್ಕೆ ಅಂಗ. ಈ ವಾದ ಎಲ್ಲೋ ದೂರದ್ದಲ್ಲ. ಜೈಮಿನಿಯ ಅಧಿಕರಣಗಳನ್ನೆಲ್ಲ ಶ್ಲೋಕಗಳಲ್ಲಿ ಅಡಕಮಾಡಿದ ‘ಜೈಮಿನೀಯ ನ್ಯಾಯಮಾಲಾ’ ಹುಟ್ಟಿದ್ದು ವಿಜಯನಗರದಲ್ಲಿ, ಬುಕ್ಕರಾಯನ ಆಶ್ರಯದಲ್ಲಿದ್ದ ಮಾಧವಾಚಾರ್ಯರ ಕೈಯಿಂದ. ವಿರೂಪಾಕ್ಷನ ಹೆಸರಿನಲ್ಲಿ ಅಂಕಿತ ಹಾಕುತ್ತಿದ್ದ ರಾಜ್ಯದ ಪಂಡಿತರೇ ದೇವತೆಗೆ ಮೈಯಿಲ್ಲವೆಂಬ ವಾದವನ್ನು ಅಚ್ಚುಕಟ್ಟಾಗಿ ಪಾಠ ಹೇಳುತ್ತಿದ್ದರು ಎಂಬುದು ನಮ್ಮ ಇಂದಿನ ಧಾರ್ಮಿಕ ಜಗಳಗಳ ನಡುವೆ ನೆನೆಯಬೇಕಾದ ಸಂಗತಿ. ಆಗಮಗಳು ಇದನ್ನು ಒಪ್ಪುವುದಿಲ್ಲ, ಪ್ರತಿಷ್ಠೆಯಾದ ಮೂರ್ತಿಯಲ್ಲಿ ದೇವರು ನಿಜವಾಗಿ ನೆಲೆಸುತ್ತಾನೆ ಎನ್ನುತ್ತವೆ. ಭಕ್ತನ ನಂಬಿಕೆಯೂ ಅದೇ, ಅದನ್ನು ಮೀಮಾಂಸೆಯಿಂದ ಸೋಲಿಸುವ ಹಟ ನನಗಿಲ್ಲ. ನನಗೆ ಬೇಕಾದದ್ದು ಇಷ್ಟೇ: ದೇವರಿದ್ದಾನೆ ಎಂಬ ಆಗಮಿಕನೂ ಕರ್ಮವೇ ಮೊದಲು ಎಂಬ ಮೀಮಾಂಸಕನೂ ಬೆಳಿಗ್ಗೆ ದೀಪ ಹಚ್ಚಲೇಬೇಕು ಎಂಬಲ್ಲಿ ಕೂಡುತ್ತಾರೆ. ದೀಪ ಹಚ್ಚದ ಗರ್ಭಗುಡಿಯಲ್ಲಿ ಸಾನ್ನಿಧ್ಯ ಕುಗ್ಗುತ್ತದೆ ಎಂದು ಆಗಮವೇ ಒಪ್ಪುತ್ತದೆ. ಹಾಗಾದರೆ ಹೊಣೆಯೇ ಗುಡಿಯ ತಿರುಳು ಎಂಬ ಮಾತು ನಾಸ್ತಿಕನ ಜಾಣತನವಲ್ಲ. ಆಸ್ತಿಕರ ಎರಡು ಕವಲುಗಳು ಸೇರುವ ಜಾಗ.

ಈ ಸೀಮೆಯಲ್ಲಿ ನಿಂತು ಹೀಗೆ ವಾದಿಸುವವರಿಗೆ ಮೊದಲು ಎದುರಾಗುವವರು ಶರಣರು. ಬಾಗಳಿ, ಹಿರೇಹಡಗಲಿ, ಕುರುವತ್ತಿಗಳಲ್ಲಿ ಮಂತ್ರಿಗಳೂ ದಂಡನಾಯಕರೂ ಗುಡಿ ಕಟ್ಟಿಸಿದ ಎರಡು ಶತಮಾನಗಳೊಳಗೆ ಕಲ್ಯಾಣದಲ್ಲಿ ಬಸವಾದಿಗಳು ಆ ಇಡೀ ಉದ್ಯೋಗವನ್ನೇ ಪ್ರಶ್ನಿಸಿದರು. ನಿಂತದ್ದಕ್ಕೆ ಅಳಿವುಂಟು, ಚಲಿಸುವುದಕ್ಕಿಲ್ಲ ಎಂಬ ಅವರ ನಿಲುವನ್ನು ಬಲ್ಲವರು ಕೇಳಬಹುದು: ಕಲ್ಲಿನ ಗುಡಿಯನ್ನು ಹೊಣೆಯ ಹೆಸರಿನಲ್ಲಿ ಹಿಂಬಾಗಿಲಿಂದ ಒಳಗೆ ತರುತ್ತಿದ್ದೀರಲ್ಲ? ಆಕ್ಷೇಪ ಗಟ್ಟಿಯಾದದ್ದೇ. ಆದರೆ ಶರಣರು ಗುಡಿಗೆ ಬದಲಾಗಿ ಇಟ್ಟದ್ದೇನು? ಕಾಯಕ ಮತ್ತು ದಾಸೋಹ, ಅಂದರೆ ದಿನವೂ ಮಾಡಬೇಕಾದ, ಬೇರೆಯವರಿಗೆ ವಹಿಸಲು ಬಾರದ ಹೊಣೆಗಳು. ಉಳ್ಳವನು ದುಡ್ಡು ಸುರಿದು ಕಟ್ಟಿಸಿ, ಪೂಜೆಯನ್ನು ಕೂಲಿಗೆ ಹಚ್ಚಿ, ತಾನು ಹಗುರಾಗುವ ಬಗೆಯನ್ನು ಅವರು ಒಪ್ಪಲಿಲ್ಲ. ಆ ಟೀಕೆ ಗುಡಿಯನ್ನು ಆಸ್ತಿಯಾಗಿ, ಹೆಮ್ಮೆಯಾಗಿ ನೋಡುವವರಿಗೆ ತಗಲುತ್ತದೆ. ಸ್ಮಾರಕವೆಂದು ಮೆರೆಸುವ ನಮಗೂ ತಗಲುತ್ತದೆ. ಹೊಣೆಯೆಂದು ಹೊರುವವರಿಗೆ ಅಷ್ಟಾಗಿ ತಗಲಲಾರದು. ಶರಣಪರಂಪರೆಯ ಕೊಟ್ಟೂರೇಶ್ವರನಿಗೇ ಕೊನೆಗೆ ಮಠ, ಗದ್ದುಗೆ, ತೇರು ಎಲ್ಲ ಬಂದವು, ಜಂಗಮ ಸ್ಥಾವರವಾಯಿತು ಎಂದು ಮೂದಲಿಸುವುದು ಸುಲಭ. ಆದರೆ ಪಾದಯಾತ್ರೆಯ ದಾರಿಯುದ್ದಕ್ಕೂ ಹಳ್ಳಿಯವರು ಅಪರಿಚಿತರಿಗೆ ಊಟ, ನೀರು ಕೊಡುವುದನ್ನೂ, ಉಪವಾಸವಿದ್ದ ದಲಿತ ಮಹಿಳೆ ಕಳಸದಾರತಿ ಬೆಳಗಿದ ಮೇಲೆಯೇ ಸ್ವಾಮಿಯ ಪಲ್ಲಕ್ಕಿ ತೇರಿನತ್ತ ಸಾಗುವ ವಾಡಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಭಾಗದ ಜನ ಕೊಟ್ಟೂರೇಶ್ವರ, ಹರಪನಹಳ್ಳಿಯ ಕೆಂಪೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಎಂಬ ಐವರನ್ನು ಪಂಚಗಣಾಧೀಶ್ವರರೆಂದು ಒಟ್ಟಿಗೆ ನೆನೆಯುತ್ತಾರೆ. ಅವರಲ್ಲಿ ತಿಪ್ಪೇರುದ್ರಸ್ವಾಮಿಯ ನೆನಪು ಉಳಿದಿರುವುದೇ ಕೆರೆ ಕಟ್ಟಿಸಿದ ಕೆಲಸದಿಂದ. ಒಂದು ದಿನದ ಆರತಿಯಿಂದ ವರ್ಷದ ಅಸ್ಪೃಶ್ಯತೆ ತೊಳೆದುಹೋಗುವುದಿಲ್ಲ, ನಿಜ. ಆದರೂ ಆ ಆರತಿಯಿಲ್ಲದೆ ತೇರು ಹೊರಡದೆಂಬ ಕಟ್ಟು ಬರೀ ಉಪಚಾರದ ಮಾತೆನ್ನಲಾಗದು.

ಇದಕ್ಕಿಂತ ಕಷ್ಟದ ಆಕ್ಷೇಪ ಇನ್ನೊಂದಿದೆ, ಅದನ್ನು ಬಳಸಿಕೊಂಡು ಹೋಗುವಂತಿಲ್ಲ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಕೋಟೆಯೊಳಗಿನ ಉಚ್ಚಂಗಮ್ಮನ ಸನ್ನಿಧಿ ಬಹುಕಾಲ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ಜಾಗವಾಗಿತ್ತು. ಬಳ್ಳಾರಿ ಸೀಮೆ ಮದ್ರಾಸಿಗೆ ಸೇರಿದ್ದಾಗ 1947ರಲ್ಲೇ ಅದರ ವಿರುದ್ಧ ಕಾಯ್ದೆ ಬಂತು. ಮತ್ತೆ 1982ರಲ್ಲಿ ಕರ್ನಾಟಕದ ಕಾಯ್ದೆ ಬರಬೇಕಾಯಿತು. ಎರಡನೆಯದು ಬೇಕಾಯಿತೆಂಬುದೇ ಮೊದಲನೆಯದರ ಕತೆ ಹೇಳುತ್ತದೆ. ‘ಹಿರಿಯರು ನಡೆಸಿಕೊಂಡು ಬಂದದ್ದು’ ಎಂಬ ಮಾತಿನ ನೆರಳಿನಲ್ಲೇ ಇದೂ ನಡೆದುಬಂತಲ್ಲ? ರಂಗಭೋಗಕ್ಕೆಂದು ಶಾಸನದಲ್ಲಿ ಬಿಟ್ಟ ಭೂಮಿಯ ಜೊತೆ ಕುಣಿಯುವ ಪಾತ್ರದವರೂ ಬರುತ್ತಾರಲ್ಲ? ಬರುತ್ತಾರೆ. ಹೊಣೆಯನ್ನು ಹೊಗಳುವವರು ಯಾರ ಹೆಗಲ ಮೇಲಿನ ಹೊಣೆ ಎಂದು ಕೇಳದಿದ್ದರೆ ಅದು ಹೊಣೆಯ ಮಾತಲ್ಲ, ಹೇರುವಿಕೆಯ ಮಾತು. ಇದಕ್ಕೆ ಉತ್ತರ ಆ ಮೀಮಾಂಸೆಯಲ್ಲೇ ಇದೆ. ವಿಶ್ವಜಿತ್ ಯಾಗದಲ್ಲಿ ತನ್ನದೆಲ್ಲವನ್ನೂ ದಾನ ಮಾಡಬೇಕೆಂಬ ವಿಧಿಯಿದೆ. ಎಲ್ಲವೂ ಎಂದರೆ ತಂದೆತಾಯಿಯರನ್ನೂ ಕೊಡಬಹುದೇ ಎಂಬ ಪ್ರಶ್ನೆ ಎದ್ದಾಗ ಜೈಮಿನಿಯ ತೀರ್ಮಾನ ಸ್ಪಷ್ಟ: ಯಾವುದರ ಮೇಲೆ ನಿನಗೆ ಒಡೆತನವಿದೆಯೋ ಅದನ್ನಷ್ಟೇ ಕೊಡಬಲ್ಲೆ, ಬಂಧುಗಳು ನಿನ್ನ ಸೊತ್ತಲ್ಲ. ಅಷ್ಟೇ ಅಲ್ಲ, ಚಕ್ರವರ್ತಿಯೂ ಭೂಮಂಡಲವನ್ನು ದಾನ ಮಾಡಲಾರ, ಅದು ಅವನೊಬ್ಬನದಲ್ಲ. ದೊರೆಯೇ ಭೂಮಿಯನ್ನು ಕೊಡಲಾರನೆನ್ನುವ ಶಾಸ್ತ್ರದಲ್ಲಿ ಮಗಳನ್ನು ಕೊಡುವ ತಂದೆಗೆ ಎಲ್ಲಿಯ ಹಕ್ಕು? ಮುತ್ತು ಕಟ್ಟುವುದು ಕೆಟ್ಟ ದಾನವೂ ಅಲ್ಲ, ಅದು ದಾನವೇ ಅಲ್ಲ. ಗುಡಿಯ ಹೊಣೆ ಕೊಡುವವನು ತನ್ನ ಮೇಲೆ, ಹೆಚ್ಚೆಂದರೆ ತನ್ನ ಆಸ್ತಿಯ ಮೇಲೆ, ಹಾಕಿಕೊಳ್ಳುವಂಥದ್ದು. ಮಾತಾಡಲು ಬಾರದ ಮಗುವಿನ ಮೇಲೆ ಹಾಕಿದ್ದು ಎಷ್ಟು ನೂರು ವರ್ಷ ನಡೆದುಬಂದಿದ್ದರೂ ಮೊದಲ ದಿನವೇ ಸಿಂಧುವಲ್ಲದ್ದು. 1947ರಲ್ಲೇ ಬಂದ ದೇವಾಲಯ ಪ್ರವೇಶದ ಕಾಯ್ದೆಗೂ ಇದೇ ತರ್ಕ ಸಲ್ಲುತ್ತದೆ. ಒಬ್ಬರನ್ನು ಹೊಸ್ತಿಲಾಚೆ ನಿಲ್ಲಿಸುವುದು ಯಾವ ಶಾಸನದ ಯಾವ ಹೊಣೆಯ ಪಟ್ಟಿಗೆ ಸೇರುತ್ತದೆ?

ಕಲ್ಲಿನ ಪರವಾಗಿ ಮಾತಾಡುವವರದು ಬೇರೆ ದೂರು. ಎಣ್ಣೆ ಎರೆದರೆ ಕಲ್ಲು ಕಪ್ಪಾಗುತ್ತದೆ, ಧೂಳು ಹಿಡಿಯುತ್ತದೆ, ಪದರ ಕಟ್ಟುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಚಾಲುಕ್ಯರ ಕಂಬಕ್ಕೆ ಆಯಿಲ್ ಪೇಂಟು ಬಳಿಯುತ್ತಾರೆ, ಶಾಸನದ ಕಲ್ಲನ್ನು ಮೆಟ್ಟಿಲಿಗೆ ಹಾಕುತ್ತಾರೆ, ನವರಂಗದ ನೆಲಕ್ಕೆ ಟೈಲ್ಸ್ ಹಚ್ಚಿ ತಳದ ಶಿಲ್ಪವನ್ನು ಹೂಳುತ್ತಾರೆ. ಇದೆಲ್ಲ ಭಕ್ತಿಯೇ ಮಾಡಿದ ಅನಾಹುತ, ನಡೆಸಿಕೊಂಡು ಹೋಗುವವರ ಕೈಗೇ ಬಿಟ್ಟರೆ ಉಳಿಯುವುದೇನು ಎಂದು ಅವರು ಕೇಳುತ್ತಾರೆ. ಪೇಂಟು, ಟೈಲ್ಸ್‌ಗಳ ವಿಷಯದಲ್ಲಿ ಅವರ ಮಾತಿಗೆ ಎದುರಾಡುವುದಕ್ಕಿಲ್ಲ. ಆದರೆ ಹಳೆಯ ಹೊಣೆಯ ಪಟ್ಟಿಯಲ್ಲಿ ಒಡೆದದ್ದನ್ನು ದುರಸ್ತಿ ಮಾಡುವುದೂ ಒಂದು ಎಂಬುದನ್ನು ಅವರೂ ಭಕ್ತರೂ ಒಟ್ಟಿಗೇ ಮರೆತಿದ್ದಾರೆ. ದೀಪಕ್ಕೆಷ್ಟೋ ದುರಸ್ತಿಗೂ ಅಷ್ಟೇ ಮಾನ ಕೊಟ್ಟು ಬರೆಸಿದ್ದ ಹಿರಿಯರ ಕಣ್ಣಿನಲ್ಲಿ ಸಂರಕ್ಷಣೆ ಪೂಜೆಯ ಎದುರಾಳಿಯಲ್ಲ, ಪೂಜೆಯದೇ ಒಂದು ಭಾಗ. ಆದ್ದರಿಂದ ಕಲ್ಲು ಬಲ್ಲವರು ಉಜ್ಜಿನಿಗೆ ಹೋಗಿ ಎಣ್ಣೆ ನಿಲ್ಲಿಸಿ ಎಂದು ಆಜ್ಞೆ ಮಾಡುವುದಕ್ಕಿಂತ, ಎಣ್ಣೆ ಎರೆದ ಮೇಲೆ ಶಿಖರವನ್ನು ಹೇಗೆ ಶುಚಿಮಾಡಬೇಕು, ಯಾವ ಸಂದಿಯಲ್ಲಿ ನೀರು ಇಳಿಯುತ್ತಿದೆ ಎಂದು ಹೇಳಿಕೊಡಲಿ. ಊರಿನವರೂ ಪೇಂಟಿನ ಡಬ್ಬಿ ತರುವ ಮೊದಲು ಕೇಳಿಕೊಳ್ಳಲಿ: ಇದು ಜೀರ್ಣೋದ್ಧಾರವೋ, ದಾನಿಯ ಹೆಸರಿನ ಪ್ರಚಾರವೋ? ಹಾಗೆ ನೋಡಿದರೆ ಗ್ರಾನೈಟಿನ ಮೇಲೆ ದೇಣಿಗೆದಾರರ ಹೆಸರು ದೊಡ್ಡದಾಗಿ ಕೊರೆಸಿ ಗರ್ಭಗುಡಿಯ ಬಾಗಿಲಿಗೇ ಹಚ್ಚುವವರನ್ನು ಕಂಡರೆ ಶರಣರಿಗೆ ತಮ್ಮ ಕಾಲದ ಯಾರೋ ನೆನಪಾಗುತ್ತಿದ್ದರು.

ಹಾಗಾದರೆ ದೀಪ ನಿಂತುಹೋದ ಗುಡಿಗಳ ಗತಿಯೇನು? 1565ರಲ್ಲಿ ವಿಜಯನಗರ ಹಾಳಾದ ನಂತರ ವಿಠ್ಠಲನ ಗುಡಿಯಲ್ಲಿ ಪೂಜೆ ಉಳಿಯಲಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಒಂದು ಕಾಲಕ್ಕೆ ಕೋಗಳಿ ಐನೂರು ನಾಡಿನ ಕೇಂದ್ರ. ಅಲ್ಲಿನ ಬಸದಿಯನ್ನು ಗಂಗರ ದುರ್ವಿನೀತ ಕಟ್ಟಿಸಿದನೆಂದು 11ನೇ ಶತಮಾನದ ಶಾಸನವೊಂದು ನೆನಪಿಸಿಕೊಳ್ಳುತ್ತದೆ. ಆ ಬಸದಿಯನ್ನು ಸಾಕುತ್ತಿದ್ದ ಜೈನ ಸಮುದಾಯ ಇಂದು ಅಲ್ಲಿಲ್ಲ. ನನ್ನ ವಾದವನ್ನು ಕೊನೆಯವರೆಗೆ ಎಳೆದರೆ ಇವು ಬರೀ ಕಟ್ಟಡಗಳಾಗಬೇಕು, ಅವನ್ನು ಕಾಯುವ ಕಾರಣವೇ ಇರಬಾರದು. ಕೇಂದ್ರ ಸರ್ಕಾರದ 1958ರ ಪುರಾತತ್ವ ಕಾಯ್ದೆಯ 16ನೇ ಕಲಂ, ಪೂಜಾಸ್ಥಳವಾದ ಸ್ಮಾರಕವನ್ನು ಅದರ ಸ್ವಭಾವಕ್ಕೆ ವಿರುದ್ಧವಾಗಿ ಬಳಸಬಾರದೆನ್ನುತ್ತದೆ. ರಕ್ಷಣೆಗೆ ತೆಗೆದುಕೊಂಡ ದಿನ ಪೂಜೆ ನಡೆಯುತ್ತಿದ್ದರೆ ಮುಂದುವರಿಯಲಿ, ನಿಂತಿದ್ದರೆ ಹೊಸದಾಗಿ ಶುರುಮಾಡುವುದು ಬೇಡ ಎಂಬುದು ಪುರಾತತ್ವ ಇಲಾಖೆಯ ಧೋರಣೆ. ಗುಡಿಯ ಜೀವ ಇಲ್ಲಿ ಗೆಜೆಟ್ಟಿನ ತಾರೀಖಿನ ಮೇಲೆ ನಿಂತಿದೆ. ಧೋರಣೆ ಒರಟಾದರೂ ಜಗಳ ತಪ್ಪಿಸುವ ದೃಷ್ಟಿಯಿಂದ ಜಾಣತನದ್ದೇ. ಪೂಜೆ ನಿಂತ ಕಡೆಯೆಲ್ಲ ಘಂಟೆ ಬಾರಿಸಬೇಕೆಂಬ ಇತ್ತೀಚಿನ ಉತ್ಸಾಹಕ್ಕೆ ನನ್ನ ವಾದ ಒತ್ತಾಸೆಯಾಗುವುದು ಬೇಡ. ಯಾಕೆಂದರೆ ಹೊಣೆಗಳ ಕಟ್ಟಿನಲ್ಲಿ ಪೂಜೆ ಒಂದೇ ಇರಲಿಲ್ಲ. ಊಟವಿತ್ತು, ಪಾಠವಿತ್ತು, ದುರಸ್ತಿಯಿತ್ತು, ಕೆರೆಯಿತ್ತು. ಒಂದು ಎಳೆ ಕಡಿದರೆ ಉಳಿದವು ಕಡಿಯಬೇಕಿಲ್ಲ. ಪೂಜಿಸುವವರು ಹೋದಾಗ ಕಾಯುವ ಹೊಣೆ ಉಳಿದವರ ಪಾಲಿಗೆ ಬರುತ್ತದೆ. ಕೋಗಳಿಯ ಬಸದಿಯನ್ನು ಜೈನರಲ್ಲದವರು ಕಾದರೆ ಅದೇನು ಕಡಿಮೆ ಪಾಲನೆಯಲ್ಲ, ದಾನಶಾಸನದ ಶ್ಲೋಕ ಪಾಲಿಸುವವನ ಮತ ಕೇಳುವುದಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಹಳೆಯ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಕಟ್ಟಿದವರ ಉದ್ದೇಶ ನೀರಾವರಿ, ಇಂದಿನ ಫಲಾನುಭವಿಗಳು ಹಕ್ಕಿಗಳು. ಹೊಣೆ ಹೀಗೂ ಕೈಬದಲಾಗಬಹುದು.

ನಂಬದವರ ಮಾತೂ ಒಂದು ಉಳಿಯಿತು. ಮೈಲಾರದಲ್ಲಿ ಭರತ ಹುಣ್ಣಿಮೆಯ ನಂತರ ಡೆಂಕನಮರಡಿಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ಸದ್ದಡಗಿಸಿ ಒಂದೇ ಸಾಲಿನ ಭವಿಷ್ಯವಾಣಿ, ಕಾರಣಿಕ, ನುಡಿದು ಕೆಳಗೆ ಬೀಳುತ್ತಾನೆ. ಬಂಡಿ ಕಟ್ಟಿಕೊಂಡು ಬಂದ ರೈತರು ಅದರಲ್ಲಿ ಮಳೆ ಬೆಳೆ ಹುಡುಕುತ್ತಾರೆ, ಈಚೆಗೆ ರಾಜಕೀಯದವರು ಕುರ್ಚಿ ಹುಡುಕುತ್ತಾರೆ. ಕಾರಣಿಕದಲ್ಲಿ ಭವಿಷ್ಯವಿದೆಯೆಂದು ನಾನು ನಂಬುವುದಿಲ್ಲ. ಆದರೆ ಗೊರವಯ್ಯನ ಉಪವಾಸ ನಿಜ, ಅಷ್ಟು ಎತ್ತರದಿಂದ ಬೀಳುವುದೂ ನಿಜ, ಕೆಳಗೆ ಹಿಡಿಯುವ ಕೈಗಳೂ ನಿಜ. ನಂಬಿಕೆ ಇಲ್ಲದವನು ಇದಕ್ಕೆ ತಲೆಬಾಗಲೇಬೇಕೆಂದಿಲ್ಲ. ಅದನ್ನು ಪ್ರದರ್ಶನವೆಂದು ನೋಡಿ ಬರಬಾರದು, ಅಷ್ಟೇ. ಹಂಪಿಯ ಸುತ್ತಣ ಗುಡಿಗಳಿಗೆ ಹೋಗುವವರಿಂದ ಕೇಳಬಹುದಾದ ಸಣ್ಣ ಮರ್ಯಾದೆ ಇದು.

ಹೋಗುವವರಿಗೆ ಗುಡಿಯ ಈ ಹೊಣೆಗಳು ಗೊತ್ತಾಗುವ ಬಗೆ? ಬಾಗಳಿಯಲ್ಲಿ ದೊರೆತ 30ಕ್ಕೂ ಹೆಚ್ಚು ಶಾಸನಗಳನ್ನು ವಿದ್ವಾಂಸರು ಎಂದೋ ಓದಿಟ್ಟಿದ್ದಾರೆ. ಬಳ್ಳಾರಿ ಜಿಲ್ಲೆಯ ಶಾಸನಗಳ ಪಾಠ ದಕ್ಷಿಣ ಭಾರತ ಶಾಸನ ಸಂಪುಟಗಳಲ್ಲೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಪುಟದಲ್ಲೂ ಅಚ್ಚಾಗಿದೆ. ಪುರಾತತ್ವದ ಫಲಕಕ್ಕೆ ಬೇಕಾದದ್ದು ಆ ಸಂಪುಟಗಳಿಂದ ನಾಲ್ಕು ಸಾಲು: ಈ ದೀಪಕ್ಕೆ ಎಷ್ಟು ಭೂಮಿ ಬಿಟ್ಟಿದ್ದರು, ಎಷ್ಟು ಜನ ಉಣ್ಣಬೇಕಿತ್ತು, ಏನು ಓದಿಸಬೇಕಿತ್ತು, ದುರಸ್ತಿಗೆ ಯಾವ ಆದಾಯ. ಇನಾಂ ರದ್ದಾಗಿ, ಉಳುವವನೇ ಒಡೆಯನಾದ ಮೇಲೆ ಆ ಭೂಮಿ ಉಳುವವರ ಹೆಸರಿಗೆ ಹೋಯಿತು, ಹೋದದ್ದು ನ್ಯಾಯವೇ. ಸಣ್ಣ ಗುಡಿಗಳಿಗೆ ಮುಜರಾಯಿಯ ತಸ್ತೀಕು ಉಳಿಯಿತು. ಭೂಮಿ ಹೋದ ಮೇಲೆ ಅದರ ಬೆನ್ನಿಗಿದ್ದ ದೀಪ, ಊಟ, ಪಾಠಗಳ ಹೊಣೆ ಯಾರ ಪಾಲಿಗೆ ಬಂತು ಎಂದು ಮಾತ್ರ ಯಾವ ಕಾಯ್ದೆಯೂ ಬರೆಯಲಿಲ್ಲ. ಫಲಕದಲ್ಲಿ ಆ ನಾಲ್ಕು ಸಾಲು ಬಂದರೆ ಊರವರು ಮೊದಲು ಕೇಳುವುದು ಅದನ್ನೇ. ರಾಜವಂಶದ ಹೆಸರು, ಇಸವಿ ಬರೆದರೆ ಯಾರೂ ಏನೂ ಕೇಳುವುದಿಲ್ಲ.